ಕಣಕಾಲಿನ ಹೋಲ್‌ಸ್ಟರ್: ಆಯ್ಕೆ ಮತ್ತು ಬಳಕೆ

ಸೊಂಟದ ಪಿಸ್ತೂಲು ಕೈಕೊಟ್ಟ ಗಳಿಗೆಗೆಂದು ಪುಟ್ಟದೊಂದು ರಿವಾಲ್ವರನ್ನು ಹೋಲ್‌ಸ್ಟರ್ ಎಂಬ ಒರೆಯಲ್ಲಿಟ್ಟು ಕಣಕಾಲಿಗೆ ಕಟ್ಟಿಕೊಳ್ಳುವ ರೂಢಿ ಅಮೆರಿಕದ ಪೊಲೀಸರಲ್ಲಿ ಹಳೆಯದು. ಸಾಮಾನ್ಯ ನಾಗರಿಕರಲ್ಲಿ ಇದು ಒಪ್ಪುವುದು ದಿನದ ಬಹುಪಾಲು ಕುಳಿತೇ ಕಳೆಯುವವರಿಗೆ: ಲಾರಿ, ಟ್ಯಾಕ್ಸಿ ಓಡಿಸುವವರಿಗೆ, ಅಂಗಡಿಯ ಗಲ್ಲಾದ ಹಿಂದೆ ಕೂರುವವರಿಗೆ. ಸೀಟ್‌ಬೆಲ್ಟ್ ಬಿಗಿದು ಕುಳಿತಾಗ ಸೊಂಟದಲ್ಲಿರುವ ಪಿಸ್ತೂಲು ಬೆಲ್ಟು, ಅಂಗಿಗಳ ಅಡಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಕಣಕಾಲು ಮಾತ್ರ ಕೈಗೆಟುಕುವಂತಿರುತ್ತದೆ. ಆದರೆ ನಿಂತಿರುವಾಗ, ನಡೆಯುವಾಗ ಬಂದೂಕು ತೆಗೆಯಲು ಇದಕ್ಕಿಂತ ನಿಧಾನದ ಜಾಗ ಬೇರೊಂದಿಲ್ಲ. ಈ ಕೊಡುಕೊಳ್ಳುವಿಕೆ ನಿಮ್ಮ ದಿನಚರಿಗೆ ಹೊಂದುವುದೇ ಎಂಬುದನ್ನು ಮೊದಲು ಯೋಚಿಸಿ, ಆಮೇಲೆ ಅಂಗಡಿಗೆ ಹೋಗುವುದು ಒಳ್ಳೆಯದು.

ಅದಕ್ಕೂ ಮೊದಲು ಕಾನೂನು. ನಾನಿರುವ ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ 21 ವರ್ಷ ತುಂಬಿದ, ಕಾನೂನಿನ ಬೇರೆ ಅಡ್ಡಿಯಿಲ್ಲದ ವ್ಯಕ್ತಿ ಪರವಾನಗಿ ಇಲ್ಲದೆಯೂ ಪಿಸ್ತೂಲನ್ನು ಒಯ್ಯಬಹುದು. ಹಾಗಿದ್ದರೂ ಪರವಾನಗಿ ಮಾಡಿಸಿಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ. ಶಾಲೆಗಳ ಸುತ್ತಲಿನ 1,000 ಅಡಿ ವಲಯದಲ್ಲಿ ಬಂದೂಕನ್ನು ನಿಷೇಧಿಸುವ ಕೇಂದ್ರ ಕಾನೂನಿನಲ್ಲಿ ಆಯಾ ರಾಜ್ಯದ ಪರವಾನಗಿ ಉಳ್ಳವರಿಗೆ ವಿನಾಯಿತಿಯಿದೆ, ಮತ್ತು ಅದನ್ನು ಮಾನ್ಯ ಮಾಡುವ ಬೇರೆ ರಾಜ್ಯಗಳಲ್ಲಿಯೂ ಅದು ಉಪಯೋಗಕ್ಕೆ ಬರುತ್ತದೆ. ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದದ್ದು ಇನ್ನೊಂದಿದೆ. ಎಚ್-1ಬಿ, ಎಫ್-1 ಮುಂತಾದ ತಾತ್ಕಾಲಿಕ ವೀಸಾದಲ್ಲಿರುವವರು, ಊರ್ಜಿತ ಬೇಟೆ ಪರವಾನಗಿಯಂತಹ ಕೆಲವೇ ವಿನಾಯಿತಿಗಳನ್ನು ಬಿಟ್ಟರೆ, ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದೇ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಗ್ರೀನ್ ಕಾರ್ಡ್ ಬಂದವರಿಗೆ ಈ ತಡೆಯಿಲ್ಲ. ಅನುಮಾನವಿದ್ದರೆ ಗೆಳೆಯರ ಮಾತು ನಂಬದೆ ವಕೀಲರನ್ನೇ ಕೇಳಬೇಕು.

ಕಣಕಾಲಿಗೆ ಕಟ್ಟುವ ಬಂದೂಕು ಹಗುರವಾಗಿರಲೇಬೇಕು, ಏಕೆಂದರೆ ಅಂಗಡಿಯಲ್ಲಿ ಕೈಯಲ್ಲಿ ಹಿಡಿದಾಗ ಏನೂ ಅನ್ನಿಸದ ತೂಕ ದಿನವಿಡೀ ಹೆಜ್ಜೆಹೆಜ್ಜೆಗೂ ಕಾಲನ್ನು ಎಳೆಯುತ್ತದೆ. ಐದು ಗುಂಡು ಹಿಡಿಯುವ ಸ್ಮಿತ್ ಆ್ಯಂಡ್ ವೆಸ್ಸನ್ 642 ರಿವಾಲ್ವರ್ ಗುಂಡಿಲ್ಲದೆ ಸುಮಾರು 410 ಗ್ರಾಂ, ರೂಗರ್ ಎಲ್‌ಸಿಪಿ ಪಿಸ್ತೂಲು ಸುಮಾರು 270 ಗ್ರಾಂ ತೂಗುತ್ತವೆ. ಗ್ಲಾಕ್ 43ರಂತಹ ಪಿಸ್ತೂಲು ಅರ್ಧ ಕಿಲೋ ಸಮೀಪಿಸುತ್ತದೆ; ಅದನ್ನು ಕಟ್ಟುವುದಾದರೆ ಮೀನಖಂಡದ ಮೇಲೆ ಕೂರುವ ಎರಡನೆಯ ಪಟ್ಟಿ ಇರುವ ಹೋಲ್‌ಸ್ಟರನ್ನೇ ಕೊಳ್ಳಬೇಕು, ಇಲ್ಲವಾದರೆ ಸಂಜೆಯ ಹೊತ್ತಿಗೆ ಅದು ಪಾದದ ಮೇಲೆ ಜಾರಿರುತ್ತದೆ.

ನಾನು ಮೊದಲು ಕೊಂಡದ್ದು ಬರೀ ಎಲಾಸ್ಟಿಕ್ ಬಟ್ಟೆಯ ಅಗ್ಗದ ಹೋಲ್‌ಸ್ಟರ್. ಒಂದು ದಿನ ಮಹಡಿಯ ಮೆಟ್ಟಿಲು ಹತ್ತುವಾಗ ಅದು ತಿರುಗಿ ಹಿಮ್ಮಡಿಯ ಕಡೆಗೆ ಜಾರಿತು. ಕೂತು ನೋಡಿದರೆ ಟ್ರಿಗರ್ ಇರುವ ಜಾಗದಲ್ಲಿ ಬಟ್ಟೆ ಎಷ್ಟು ತೆಳುವಾಗಿತ್ತೆಂದರೆ ಹೊರಗಿನಿಂದ ಒತ್ತಿದ ಬೆರಳಿಗೆ ಟ್ರಿಗರ್ ತಾಕುತ್ತಿತ್ತು. ಅಂದೇ ಅದನ್ನು ಕಸಕ್ಕೆ ಹಾಕಿದೆ. ಟ್ರಿಗರ್ ಗಾರ್ಡನ್ನು, ಅಂದರೆ ಟ್ರಿಗರ್ ಸುತ್ತಲಿನ ಬಳೆಯನ್ನು, ಗಟ್ಟಿ ಚರ್ಮ ಅಥವಾ ಗಟ್ಟಿ ಪ್ಲಾಸ್ಟಿಕ್ ಪೂರ್ತಿಯಾಗಿ ಮುಚ್ಚಿರಬೇಕೆಂಬುದು ಎಂದೂ ಬಿಟ್ಟುಕೊಡಬಾರದ ನಿಯಮ. ಓಡಿದರೂ ಬಿದ್ದರೂ ಬಂದೂಕು ಹೊರಬೀಳದಂತೆ ಹೆಬ್ಬೆರಳಿನಿಂದ ಬಿಚ್ಚುವ ಪಟ್ಟಿಯಾಗಲಿ ಬಿಗಿಯಾದ ಹಿಡಿತವಾಗಲಿ ಇರಬೇಕು. ಕಾಲಿಗೆ ತಾಗುವ ಭಾಗದಲ್ಲಿ ಕುರಿಯ ಉಣ್ಣೆಯ ಚರ್ಮ ಅಥವಾ ದಪ್ಪ ನಿಯೋಪ್ರೀನ್ (ರಬ್ಬರಿನಂತಹ ಮೆತ್ತನೆಯ ವಸ್ತು) ಇದ್ದರೆ ಮೂಳೆಗೆ ಒತ್ತುವುದಿಲ್ಲ, ಆದರೂ ಮೊದಲ ವಾರ ದಿನಕ್ಕೆ ಎರಡು ಮೂರು ಗಂಟೆಯಷ್ಟೇ ಕಟ್ಟಿ ಕಾಲನ್ನು ಒಗ್ಗಿಸಬೇಕು.

ಬಲಗೈಯವರು ಇದನ್ನು ಎಡಗಾಲಿನ ಒಳಬದಿಗೆ, ಬಂದೂಕಿನ ಹಿಡಿ ಹಿಂದಕ್ಕೆ ಬರುವಂತೆ ಕಟ್ಟಬೇಕು. ಒಳಗೆ ಮೀನಖಂಡದವರೆಗಿನ ಉದ್ದ ಕಾಲುಚೀಲ ಇರಲಿ. ಪ್ಯಾಂಟಿನ ವಿಷಯದಲ್ಲಿ ರಾಜಿ ಬೇಡ: ಮೊಣಕಾಲಿನಿಂದ ಕೆಳಗೆ ನೇರವಾಗಿಳಿಯುವ ಅಥವಾ ತುಸು ಅಗಲವಾಗುವ ಪ್ಯಾಂಟು, ಕುಳಿತಾಗಲೂ ಹೋಲ್‌ಸ್ಟರ್ ಕಾಣದಷ್ಟು ಉದ್ದ. ಕನ್ನಡಿಯ ಮುಂದೆ ಕುರ್ಚಿ ಹಾಕಿ ಕುಳಿತು, ಕಾಲ ಮೇಲೆ ಕಾಲು ಹಾಕಿ ನೋಡಿ. ನಿಂತು ನೋಡಿದರೆ ಏನೂ ತಿಳಿಯುವುದಿಲ್ಲ.

ಅಭ್ಯಾಸ ಮಾಡುವಾಗ ಬಂದೂಕು ಖಾಲಿಯಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಎರಡೆರಡು ಸಲ ನೋಡಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿಡಬೇಕು. ನಿಂತಿದ್ದರೆ ಎಡಗಾಲನ್ನು ದೊಡ್ಡ ಹೆಜ್ಜೆಯಾಗಿ ಮುಂದಿಟ್ಟು, ಬಲ ಮೊಣಕಾಲನ್ನು ನೆಲಕ್ಕೂರಿ, ಎಡಗೈಯಿಂದ ಪ್ಯಾಂಟನ್ನು ಮೊಣಕಾಲಿನ ಹತ್ತಿರ ಹಿಡಿದು ಮೇಲೆಳೆದು, ಬಲಗೈಯಿಂದ ಹಿಡಿಯನ್ನು ಭದ್ರವಾಗಿ ಹಿಡಿದ ಮೇಲೆಯೇ ಪಟ್ಟಿ ಬಿಚ್ಚಬೇಕು. ಹೊರಬರುವ ನಳಿಗೆ ನಿಮ್ಮ ಪಾದವನ್ನಾಗಲಿ ತೊಡೆಯನ್ನಾಗಲಿ ದಾಟಬಾರದು. ಗುರಿಯ ಮೇಲೆ ಬರುವವರೆಗೂ ಬೆರಳು ಟ್ರಿಗರ್‌ನಿಂದ ಹೊರಗೇ ಇರಬೇಕು. ಕುಳಿತಿದ್ದಾಗ ಎಡಪಾದವನ್ನು ಕುರ್ಚಿಯ ಕಡೆಗೆ ಎಳೆದುಕೊಂಡರೆ ಸಾಕಾಗುತ್ತದೆ. ಬಂದೂಕನ್ನು ಮತ್ತೆ ಒಳಗಿಡಲು ಅವಸರವೇ ಬೇಡ, ಪ್ಯಾಂಟಿನ ಬಟ್ಟೆ ಟ್ರಿಗರ್‌ಗೆ ಸಿಕ್ಕಿಕೊಳ್ಳುವುದು ಆಗಲೇ. ನಿಜವಾದ ಗುಂಡಿನೊಂದಿಗೆ ಮಾಡುವುದನ್ನು ತರಬೇತುದಾರರ ಎದುರಿಗೆ ಮಾತ್ರ ಕಲಿಯಬೇಕು.

ಕಣಕಾಲು ಶರೀರದ ಅತ್ಯಂತ ಧೂಳಿನ ಜಾಗವೆಂಬುದನ್ನು ನಾನು ತಡವಾಗಿ ಅರಿತೆ. ಎರಡು ವಾರ ಕಟ್ಟಿದ ರಿವಾಲ್ವರನ್ನು ಹಳೆಯ ಟವೆಲ್ಲಿನ ಮೇಲಿಟ್ಟು ಬಿಚ್ಚಿದಾಗ, ಖಾಲಿ ತೋಟಾಗಳನ್ನು ಹೊರದೂಡುವ ನಕ್ಷತ್ರದಾಕಾರದ ತುಂಡಿನ ಅಡಿಯಲ್ಲಿ ಉಣ್ಣೆಯ ಎಳೆಗಳೂ ಸಣ್ಣ ಮರಳೂ ಸೇರಿ ಬೂದುಬಣ್ಣದ ಗಂಟಾಗಿದ್ದವು. ಗುಂಡು ತುಂಬುವ ಸಿಲಿಂಡರ್ ತಿರುಗಿಸಿದರೆ ಒಂದು ಕಡೆ ತಡೆದು ನಿಲ್ಲುತ್ತಿತ್ತು. ಅಂದಿನಿಂದ ಪ್ರತಿ ಭಾನುವಾರ ಗುಂಡು ತೆಗೆದು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ತೆಳ್ಳಗೆ ಎಣ್ಣೆ ಸವರುತ್ತೇನೆ. ಎಣ್ಣೆ ಹೆಚ್ಚಾದರೆ ಧೂಳು ಇನ್ನಷ್ಟು ಹಿಡಿಯುತ್ತದೆ.

ಒಗ್ಗಿದ ಮೇಲೆ ಕಾಲಿನಲ್ಲಿ ಬಂದೂಕಿದೆ ಎಂಬುದೇ ಮರೆತುಹೋಗುತ್ತದೆ. ಅಂಚೆ ಕಚೇರಿ, ಕೇಂದ್ರ ಸರ್ಕಾರದ ಕಟ್ಟಡ, ವಿಮಾನ ನಿಲ್ದಾಣದ ತಪಾಸಣೆ ಇವುಗಳಿಗೆ ಬಂದೂಕಿನೊಡನೆ ಹೋಗುವಂತಿಲ್ಲವಾದ್ದರಿಂದ, ಕಾರಿನ ಬಾಗಿಲು ತೆರೆಯುವ ಮುನ್ನ ಎಡ ಕಣಕಾಲನ್ನು ಒಮ್ಮೆ ಮುಟ್ಟಿ ನೋಡುವುದನ್ನು ರೂಢಿಸಿಕೊಂಡಿದ್ದೇನೆ. ರಾತ್ರಿ ಬಂದೂಕನ್ನು ಹೊರತೆಗೆಯದೆ ಹೋಲ್‌ಸ್ಟರ್ ಸಮೇತ ಬಿಚ್ಚಿ, ಮಕ್ಕಳ ಕೈಗೆ ಸಿಗದ ಬೀಗದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ ಮೇಲೆಯೇ ಶೂ ಕಳಚುತ್ತೇನೆ.