ಕ್ಷಮೆಯ ಹಾಡಿನಲ್ಲಿ ನೊಂದವರು ಎಲ್ಲಿ?

ಭಾನುವಾರದ ಆರಾಧನೆ ಮುಗಿದ ಮೇಲೆ ನಾವು ಏಳೆಂಟು ಜನ ಕೂತು ಒಂದು ಹಾಡಿನ ಸಾಲುಗಳನ್ನು ಓದುತ್ತೇವೆ. ಹಾಡುವುದಿಲ್ಲ, ಸುಮ್ನೆ ಓದುತ್ತೇವೆ. ಶುರು ಮಾಡಿದವನು ನಾನೇ. ಗಾಯನ ತಂಡದಲ್ಲಿ ವರ್ಷಗಟ್ಟಲೆ ಹಾಡಿದ್ದೆ. ಎಷ್ಟೋ ಹಾಡುಗಳು ಬಾಯಿಪಾಠ. ಹಾಗಾಗಿ ಅರ್ಥವೂ ಗೊತ್ತು ಅಂದುಕೊಂಡಿದ್ದೆ.

ಒಂದು ದಿನ ಕ್ಷಮೆಯ ಹಾಡೊಂದನ್ನು ವಿವರಿಸುತ್ತಿದ್ದೆ. ಪಾಪಿ ಅಳುತ್ತಾನೆ, ದೇವರು ಕ್ಷಮಿಸುತ್ತಾನೆ, ಪಾಪಿಯ ಎದೆ ಹಗುರಾಗುತ್ತದೆ. ನಮ್ಮ ಗುಂಪಿನಲ್ಲಿ ಹಿರಿಯರೊಬ್ಬರಿದ್ದಾರೆ, ಎಲ್ಲರೂ ಅವರನ್ನು ಅಮ್ಮ ಅಂತಲೇ ಕರೆಯುತ್ತೇವೆ. ಅವರು ಕೇಳಿದರು: "ಅಲ್ಲಪ್ಪಾ, ಇವನು ಅನ್ಯಾಯ ಮಾಡಿದ್ದು ಯಾರಿಗೆ? ಅವರು ಈ ಹಾಡಲ್ಲಿ ಎಲ್ಲಿದ್ದಾರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆ ನಾನು ಹಾಡು ಓದುವ ರೀತಿಯನ್ನೇ ಬದಲಾಯಿಸಿತು.

ಅಲ್ಲಿಯವರೆಗೆ ನಾನು ರಾಗವನ್ನು ನಂಬುತ್ತಿದ್ದೆ. ರಾಗ ಮೆತ್ತಗಿದ್ದರೆ ಅದು ಕರುಣೆಯ ಹಾಡು, ತಾಳ ಜೋರಾಗಿದ್ದರೆ ನ್ಯಾಯದ ಹಾಡು. ಈಗ ಮೊದಲು ಸಾಲುಗಳನ್ನು ಕೈಯಾರೆ ಬರೆದುಕೊಳ್ಳುತ್ತೇನೆ. ರಾಗ ಕೇಳಿಸಿಕೊಳ್ಳುವುದು ಕೊನೆಗೆ. ಬರೆದ ಮೇಲೆ "ನಾನು", "ನೀನು", "ಅವರು", "ನಾವು" ಎಂಬ ಮಾತುಗಳಿಗೆ ಸುತ್ತು ಹಾಕುತ್ತೇನೆ. ಯಾರು ಮಾತಾಡುತ್ತಿದ್ದಾರೆ, ಯಾರೊಂದಿಗೆ, ಯಾರ ಬಗ್ಗೆ? ಬರೀ ಇಷ್ಟರಿಂದಲೇ ಎಷ್ಟೋ ಹಾಡು ಬೇರೆಯಾಗಿ ಕಾಣುತ್ತವೆ.

ಹೀಗೆ ಮೊದಲು ಬರೆದುಕೊಂಡದ್ದು ಜಾನ್ ನ್ಯೂಟನ್ ಎಂಬ ಇಂಗ್ಲಿಷ್ ಪಾದ್ರಿಯ 'ಅಮೇಜಿಂಗ್ ಗ್ರೇಸ್', ದೇವರ ಕೃಪೆಯ ಬಗ್ಗೆ ಇರುವ ಹಾಡು. ನಮಗೆಲ್ಲ ಗೊತ್ತಿರುವ ರಾಗ ಅದಕ್ಕೆ ಸೇರಿದ್ದು 1835ರಲ್ಲಿ, ಬರೆದು ಅರವತ್ತು ವರ್ಷ ದಾಟಿದ ಮೇಲೆ. ಆ ರಾಗ ಇಲ್ಲದೆ ಓದಿದಾಗ ಸಾಲುಗಳು ಎಷ್ಟು ಸರಳ, ಎಷ್ಟು ಗಂಭೀರ! ನ್ಯೂಟನ್ ಬರೆದ ಆರು ಪದ್ಯಗಳಲ್ಲೂ ಸುತ್ತು ಹಾಕಿದೆ. ಎಲ್ಲ ಕಡೆ "ನಾನು, ನನ್ನ, ನನಗೆ". "ನಾವು" ಎಂದು ಬರುವ, ಹತ್ತು ಸಾವಿರ ವರ್ಷಗಳ ಮಾತಾಡುವ ಕೊನೆಯ ಪದ್ಯ ಅವರು ಬರೆದದ್ದೇ ಅಲ್ಲ. ಆಮೇಲೆ ಬೇರೆ ಕಡೆಯಿಂದ ಬಂದು ಸೇರಿಕೊಂಡದ್ದು.

ನ್ಯೂಟನ್ ಗುಲಾಮರನ್ನು ಸಾಗಿಸುವ ಹಡಗುಗಳಲ್ಲಿ ಕೆಲಸ ಮಾಡಿದವರು. 1748ರಲ್ಲಿ ಬಿರುಗಾಳಿಗೆ ಸಿಕ್ಕಿ ಹಡಗು ಇನ್ನೇನು ಮುಳುಗುತ್ತದೆ ಎನ್ನುವ ಹೊತ್ತಿನಲ್ಲಿ ದೇವರನ್ನು ಕೂಗಿಕೊಂಡರು. ಈ ಕಥೆಯನ್ನು ತುಂಬ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನಾನೂ ಹಾಗೇ ಹೇಳುತ್ತಿದ್ದೆ. ಆದರೆ ಆ ರಾತ್ರಿಯ ನಂತರವೂ ಅವರು ಅದೇ ವ್ಯಾಪಾರದಲ್ಲಿ ಇದ್ದರು. ಕ್ಯಾಪ್ಟನ್ ಆದದ್ದೂ ಆಮೇಲೆಯೇ. ಸಮುದ್ರ ಬಿಟ್ಟದ್ದು 1754ರಲ್ಲಿ, ಅದೂ ಕಾಯಿಲೆ ಬಿದ್ದು. 1764ರಲ್ಲಿ ಪಾದ್ರಿಯಾದರು. 1773ರ ಜನವರಿ 1ರ ಪ್ರಸಂಗಕ್ಕಾಗಿ ಈ ಹಾಡು ಹುಟ್ಟಿತು. ಆ ದಿನ ಅವರು ತೆಗೆದುಕೊಂಡ ವಾಕ್ಯ ಬೈಬಲ್ಲಿನ ಮೊದಲನೆಯ ಪೂರ್ವಕಾಲವೃತ್ತಾಂತ ಎಂಬ ಪುಸ್ತಕದ 17ನೇ ಅಧ್ಯಾಯದ್ದು. ಅಲ್ಲಿ ರಾಜ ದಾವೀದ ದೇವರ ಮುಂದೆ ಕೂತು ಕೇಳುತ್ತಾನೆ: ನಾನು ಎಷ್ಟರವನು, ನನ್ನನ್ನು ಇಲ್ಲಿಯವರೆಗೆ ತಂದೆಯಲ್ಲಾ? ಆ "ಇಲ್ಲಿಯವರೆಗೆ" ಹಾಡಿನಲ್ಲೂ ಇದೆ. ಕೃಪೆ ನನ್ನನ್ನು ಇಲ್ಲಿಯವರೆಗೆ ಕಾಪಾಡಿ ತಂದಿತು ಎನ್ನುವ ಸಾಲು ಅದು. ಇದು ಗೊತ್ತಾದ ದಿನ ನನಗೆ ಖುಷಿಯಿಂದ ನಿದ್ದೆ ಬರಲಿಲ್ಲ.

ಆದರೆ ಅಮ್ಮನ ಪ್ರಶ್ನೆ ಬಿಡಲಿಲ್ಲ. ಹಡಗಿನ ತಳದಲ್ಲಿ ಸರಪಳಿ ಬಿಗಿಸಿಕೊಂಡು ಮಲಗಿದ್ದವರು ಈ ಹಾಡಲ್ಲಿ ಎಲ್ಲಿದ್ದಾರೆ? ಇಲ್ಲ. ಆರು ಪದ್ಯಗಳಲ್ಲಿ ಒಂದು ಕಡೆಯೂ ಇಲ್ಲ. ಅವರ ವಿಷಯ ಬರುವುದು 1788ರಲ್ಲಿ, ನ್ಯೂಟನ್ ಗುಲಾಮ ವ್ಯಾಪಾರದ ವಿರುದ್ಧ ಬರೆದ ಕಿರುಹೊತ್ತಗೆಯಲ್ಲಿ. ಈಗ ನೆನೆದರೆ ಎದೆ ನಡುಗುವ ಆ ಕೆಲಸದಲ್ಲಿ ನಾನೂ ಕೈ ಜೋಡಿಸಿದ್ದೆ ಎಂದು ಅಲ್ಲಿ ಒಪ್ಪಿಕೊಳ್ಳುತ್ತಾರೆ. ಹಾಡಿಗೂ ಈ ಒಪ್ಪಿಗೆಗೂ ನಡುವೆ ಹದಿನೈದು ವರ್ಷ.

ಇದರಿಂದ ಹಾಡು ಸುಳ್ಳಾಗುತ್ತದೆಯೇ? ನನಗೆ ಹಾಗೆ ಅನ್ನಿಸುವುದಿಲ್ಲ. ಆದರೆ ಹಾಡು ಹೇಳುವುದು ಅರ್ಧ ಮಾತು. ಕರುಣೆ ಸಿಕ್ಕವನ ದನಿ ಅದರಲ್ಲಿದೆ, ನ್ಯಾಯಕ್ಕಾಗಿ ಕಾದವರ ದನಿ ಇಲ್ಲ. ಈಗ ನಾನು ಅದನ್ನು ವಿವರಿಸುವಾಗ 1773 ಮತ್ತು 1788 ಎರಡನ್ನೂ ಒಟ್ಟಿಗೇ ಹೇಳುತ್ತೇನೆ.

ಎರಡನೇ ಹೆಜ್ಜೆ, ಪದಗಳ ಬೇರು ಹುಡುಕುವುದು. ಕರುಣೆ, ದಯೆ, ಕನಿಕರ, ಕೃಪೆ ಇವನ್ನೆಲ್ಲ ನಾವು ಒಂದೇ ಉಸಿರಲ್ಲಿ ಹಾಡಿಬಿಡುತ್ತೇವೆ. ಬೈಬಲ್ಲಿನ ಹೀಬ್ರೂ ಭಾಷೆಯಲ್ಲಿ ಕರುಣೆಗೆ 'ರಹಮೀಮ್' ಎಂಬ ಮಾತಿದೆ. ಅದು 'ರೆಹೆಮ್' ಎಂಬ ಪದಕ್ಕೆ ಸಂಬಂಧಪಟ್ಟದ್ದು. ರೆಹೆಮ್ ಅಂದರೆ ಗರ್ಭ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಕನಿಕರಪಡುವುದಕ್ಕೆ ಬಳಸಿದ ಒಂದು ಕ್ರಿಯಾಪದ ಕರುಳಿನಿಂದ ಬಂದದ್ದು. ನಮಗೆ ಇದನ್ನು ವಿವರಿಸುವ ಕಷ್ಟವೇ ಇಲ್ಲ ಅಲ್ವಾ? "ಕರುಳು ಚುರುಕ್ ಅಂತು" ಎಂದರೆ ಮುಗಿಯಿತು. ಯೇಸು ಹೇಳಿದ ಕಥೆಗಳಲ್ಲಿ, ಮನೆ ಬಿಟ್ಟು ಹೋಗಿ ದೂರದಲ್ಲಿ ವಾಪಸ್ ಬರುತ್ತಿರುವ ಮಗನನ್ನು ಕಂಡ ಅಪ್ಪನಿಗೆ, ದಾರಿಯಲ್ಲಿ ಬಿದ್ದವನನ್ನು ಕಂಡ ಸಮಾರ್ಯದವನಿಗೆ, ಸಾಲಗಾರನ ಮೊರೆ ಕೇಳಿದ ಒಡೆಯನಿಗೆ ಆದದ್ದು ಇದೇ. ಮೂರೂ ಕಡೆ ಅದೇ ಕ್ರಿಯಾಪದ.

ಆ ಒಡೆಯನ ಕಥೆಯನ್ನು ನಾನು ಜಾಸ್ತಿ ಬಳಸುತ್ತೇನೆ, ಬೈಬಲ್ಲಿನ ಮತ್ತಾಯನ ಪುಸ್ತಕದ 18ನೇ ಅಧ್ಯಾಯದ್ದು. ಆಳಿಗಿದ್ದ ಸಾಲ 10,000 ತಲಾಂತು. ಒಂದು ತಲಾಂತು ಸುಮಾರು 6,000 ದಿನಾರಿ. ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ. ಅಷ್ಟನ್ನೂ ಒಡೆಯ ಬಿಟ್ಟುಬಿಟ್ಟ. ಆ ಆಳು ಹೊರಗೆ ಬಂದವನೇ ತನಗೆ 100 ದಿನಾರಿ ಕೊಡಬೇಕಾದವನ ಕುತ್ತಿಗೆ ಹಿಡಿದ. ಲೆಕ್ಕ ಹಾಕಿದರೆ ಆರು ಲಕ್ಷ ಪಟ್ಟು ವ್ಯತ್ಯಾಸ. ಆಗ ಒಡೆಯ ಕೊಟ್ಟ ಕ್ಷಮೆಯನ್ನು ವಾಪಸ್ ತೆಗೆದುಕೊಳ್ಳುತ್ತಾನೆ. ಕುತ್ತಿಗೆ ಹಿಡಿಸಿಕೊಂಡ ಆ ಬಡ ಜೊತೆಗಾರನನ್ನು ಈ ಕಥೆ ಮರೆತಿಲ್ಲ, ನೋಡಿ. "ನನ್ನ ಸಾಲ ತೀರಿತು" ಎಂದು ಹಾಡುವ ಯಾವ ಹಾಡು ಸಿಕ್ಕರೂ ನಾನು ಆ ಜೊತೆಗಾರನನ್ನು ಹುಡುಕುತ್ತೇನೆ.

ನ್ಯಾಯ ಎಂಬ ಪದದಲ್ಲಿ ನಾನು ಇನ್ನೂ ಜಾಸ್ತಿ ಎಡವಿದ್ದೆ. ನ್ಯಾಯ ಅಂದರೆ ಶಿಕ್ಷೆ, ಹಾಗಾಗಿ ಭಯ ಎಂದೇ ಓದುತ್ತಿದ್ದೆ. ಬೈಬಲ್ಲಿನ 98ನೇ ಕೀರ್ತನೆ ನನ್ನನ್ನು ತಿದ್ದಿತು. ದೇವರು ಭೂಮಿಗೆ ನ್ಯಾಯತೀರಿಸಲು ಬರುತ್ತಾನೆ ಎಂದು ಅಲ್ಲಿ ನದಿಗಳು ಚಪ್ಪಾಳೆ ತಟ್ಟುತ್ತವೆ, ಬೆಟ್ಟಗಳು ಹಾಡುತ್ತವೆ. ನ್ಯಾಯಾಧೀಶ ಬರುತ್ತಾನೆ ಅಂದರೆ ಯಾರಾದರೂ ಕುಣಿಯುತ್ತಾರಾ? ಕುಣಿಯುತ್ತಾರೆ, ತಮ್ಮ ಮಾತು ಕೇಳುವವರೇ ಇಲ್ಲದವರು ಕುಣಿಯುತ್ತಾರೆ. ಅವರಿಗೆ ನ್ಯಾಯವೇ ಕರುಣೆ. ಲೂಕನ ಪುಸ್ತಕದ ಮೊದಲ ಅಧ್ಯಾಯದಲ್ಲಿರುವ, ಯೇಸುವಿನ ತಾಯಿ ಮರಿಯಳ ಹಾಡನ್ನು ಬರೆದುಕೊಂಡು ಗುರುತು ಹಾಕಿದರೆ ಇದು ಕಣ್ಣಿಗೇ ಕಾಣುತ್ತದೆ. ಕರುಣೆ ಎಂಬ ಪದ 50ನೇ ವಚನದಲ್ಲಿ ಒಮ್ಮೆ, 54ರಲ್ಲಿ ಇನ್ನೊಮ್ಮೆ. ಅವೆರಡರ ನಡುವೆ ದೊರೆಗಳು ಸಿಂಹಾಸನದಿಂದ ಇಳಿಯುತ್ತಾರೆ, ಹಸಿದವರ ಹೊಟ್ಟೆ ತುಂಬುತ್ತದೆ, ಶ್ರೀಮಂತರು ಬರಿಗೈಯಲ್ಲಿ ಹೋಗುತ್ತಾರೆ. ನ್ಯಾಯದ ಮಾತೆಲ್ಲ ಎರಡು ಕರುಣೆಗಳ ಮಧ್ಯೆ ಕೂತಿದೆ.

ಚರ್ಚಿನ ಹೊರಗಿನ ಹಾಡುಗಳ ಬಗ್ಗೆ ಒಂದೇ ಮಾತು. ಕುರಿಮರಿ, ರಕ್ತ, ಶಿಲುಬೆ ಅಂತ ಬಂದ ಕೂಡಲೇ ಅದು ಕ್ರೈಸ್ತ ಹಾಡು ಎಂದು ತೀರ್ಮಾನಿಸಿ ನಾನು ಕೆಟ್ಟ ಟಿಪ್ಪಣಿಗಳನ್ನು ಬರೆದಿದ್ದೇನೆ. ಎಷ್ಟೋ ಸಲ ಆ ಪದಗಳು ಬರೀ ಬಣ್ಣ. ದೇವರ ಹೆಸರೇ ಇಲ್ಲದ ಹಾಡಿನಲ್ಲಿ, ತಮ್ಮನಿಗೆ ಸಿಕ್ಕ ಪ್ರೀತಿ ನೋಡಲಾಗದೆ ಮನೆ ಹೊರಗೆ ನಿಂತ, ಮರಳಿ ಬಂದ ಮಗನ ಆ ಕಥೆಯ ದೊಡ್ಡ ಮಗ ಸಿಕ್ಕಿದ್ದೂ ಇದೆ. ಪದ ನೋಡಬೇಡಿ, ಯಾರು ಯಾರಿಗೆ ಏನು ಮಾಡುತ್ತಾರೆ ಎಂದು ನೋಡಿ.

ಹೋದ ತಿಂಗಳು 51ನೇ ಕೀರ್ತನೆ ಓದಿದೆವು. ದಾವೀದ ತನ್ನ ಸೈನಿಕ ಊರೀಯನ ಹೆಂಡತಿ ಬತ್ಷೆಬೆಯನ್ನು ಕರೆಸಿಕೊಂಡು, ಊರೀಯನನ್ನು ಯುದ್ಧದಲ್ಲಿ ಸಾಯಿಸಿದ. ಸಾಯಿಸಲು ಬರೆದ ಪತ್ರವನ್ನು ಊರೀಯನ ಕೈಯಲ್ಲೇ ಕಳಿಸಿದ್ದ. ಆ ದಾವೀದನ ಹಾಡು ಎನ್ನುವ ಈ ಕೀರ್ತನೆಯಲ್ಲಿ, ನಿನಗೆ, ಕೇವಲ ನಿನಗೇ ತಪ್ಪು ಮಾಡಿದ್ದೇನೆ ಎಂಬ ಮಾತು ಬರುತ್ತದೆ. ಓದಿ ಅಮ್ಮನ ಕಡೆ ನೋಡಿದೆ. ಅವರು ಏನು ಕೇಳುತ್ತಾರೆಂದು ನನಗೆ ಗೊತ್ತಿತ್ತು.

"ಊರೀಯ ಎಲ್ಲಪ್ಪಾ?"

ಕೀರ್ತನೆಯ ತಲೆಬರಹ ನೋಡಿದೆವು. ಪ್ರವಾದಿ ನಾತಾನನ ಹೆಸರಿದೆ, ಬತ್ಷೆಬೆಯ ಹೆಸರಿದೆ. ಊರೀಯನ ಹೆಸರಿಲ್ಲ. ನಾನು ಈ ಸಲ ಸಮಜಾಯಿಷಿ ಕೊಡಲು ಹೋಗಲಿಲ್ಲ. ಎರಡನೆಯ ಸಮುವೇಲನ 12ನೇ ಅಧ್ಯಾಯ ತೆಗೆದು ಓದಿದೆ, ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ ಶ್ರೀಮಂತನ ಕಥೆ. ಅದನ್ನು ನಾತಾನನ ಬಾಯಿಂದ ಕೇಳಿ ದಾವೀದನಿಗೆ ಕೆಂಡದಂಥ ಸಿಟ್ಟು ಬರುತ್ತದೆ. ಅವನೊಳಗೆ ನ್ಯಾಯ ಇನ್ನೂ ಸತ್ತಿರಲಿಲ್ಲ. ಆ ಮನುಷ್ಯ ನೀನೇ ಎಂದು ನಾತಾನ ಹೇಳಿದ್ದು ಆಮೇಲೆ. ಕೀರ್ತನೆಯ ಅಳು ಅಲ್ಲಿಂದ ಹೊರಟದ್ದು.

ಎಲ್ಲರೂ ಸುಮ್ಮನೆ ಕೂತಿದ್ದರು. ಅಮ್ಮ ತಮ್ಮ ಬೈಬಲ್ಲಿನ ಹಾಳೆ ತಿರುವುತ್ತಲೇ ಇದ್ದರು. ಮತ್ತಾಯನ ಮೊದಲ ಅಧ್ಯಾಯಕ್ಕೆ ಬಂದು ನಿಂತರು. ಯೇಸುವಿನ ವಂಶಾವಳಿ, ನಾವೆಲ್ಲ ಬೇಗ ಬೇಗ ದಾಟಿಬಿಡುವ ಹೆಸರುಗಳ ಪಟ್ಟಿ. 6ನೇ ವಚನದ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದರು. ದಾವೀದನು ಊರೀಯನ ಹೆಂಡತಿಯಲ್ಲಿ ಸೊಲೊಮೋನನನ್ನು ಪಡೆದನು. ಬತ್ಷೆಬೆಯ ಹೆಸರು ಅಲ್ಲಿಲ್ಲ.

"ಇಲ್ಲಿದ್ದಾನೆ ನೋಡು," ಅಂದರು. ಆಮೇಲೆ ಪೆನ್ಸಿಲ್ ಕೇಳಿ ಇಸಕೊಂಡು ಆ ಹೆಸರಿಗೆ ಸುತ್ತು ಹಾಕಿದರು.