ಏಜೆಂಟರ ಕಮಿಷನ್: ನಾನು ಕರಾರು ಮಾಡಿಕೊಂಡ ಬಗೆ

ಮನೆ ಮಾರಲು ಏಜೆಂಟರನ್ನು ಹಿಡಿಯುವ ಮೊದಲು ನಾನು ಅವರ ಜಾಗದಲ್ಲಿ ಕುಳಿತು ಲೆಕ್ಕ ಹಾಕಿದೆ. ಮನೆಯ ಬೆಲೆ 100 ಎಂದಿಟ್ಟುಕೊಳ್ಳಿ, ಕಮಿಷನ್ ಶೇ 2. ವ್ಯವಹಾರ ಕುದುರಿದರೆ ಅವರಿಗೆ 2. ಇನ್ನಷ್ಟು ಕಾದು, ಇನ್ನೂ ಹಲವರಿಗೆ ಮನೆ ತೋರಿಸಿ, ಚೌಕಾಸಿ ನಡೆಸಿ 105ಕ್ಕೆ ಮಾರಿಸಿದರೆ ನನಗೆ 4.90 ಹೆಚ್ಚು ಬರುತ್ತದೆ, ಅವರಿಗೆ 0.10. ಆ ಪುಡಿಗಾಸಿಗೆ ಯಾರು ಅಷ್ಟು ಓಡಾಡುತ್ತಾರೆ? ‘ಒಳ್ಳೆಯ ಪಾರ್ಟಿ, ಕೈಬಿಟ್ಟರೆ ಮತ್ತೆ ಸಿಗುವುದಿಲ್ಲ, ಮುಗಿಸಿಬಿಡಿ’ ಎಂಬ ಮಾತು ಹುಟ್ಟುವುದು ಇಲ್ಲಿ. ಹೇಳುವವರು ಅದನ್ನು ನಂಬಿಯೇ ಹೇಳುತ್ತಿರಬಹುದು.

ಅರ್ಥಶಾಸ್ತ್ರಜ್ಞರಾದ ಸ್ಟೀವನ್ ಲೆವಿಟ್ ಮತ್ತು ಚಾಡ್ ಸೈವರ್ಸನ್ ಅಮೆರಿಕದ ಶಿಕಾಗೊ ಸುತ್ತಮುತ್ತಲಿನ ಸುಮಾರು 1 ಲಕ್ಷ ಮನೆ ಮಾರಾಟಗಳನ್ನು ಜಾಲಾಡಿ 2008ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಏಜೆಂಟರು ತಮ್ಮ ಸ್ವಂತ ಮನೆ ಮಾರುವಾಗ, ಗಿರಾಕಿಗಳ ಅಂಥದೇ ಮನೆಗಳಿಗಿಂತ ಸರಾಸರಿ 9.5 ದಿನ ಹೆಚ್ಚು ಕಾಯುತ್ತಿದ್ದರು, ಶೇ 3.7ರಷ್ಟು ಹೆಚ್ಚು ಬೆಲೆ ಪಡೆಯುತ್ತಿದ್ದರು. ಕಾಯುವ ಲಾಭ ಅವರಿಗೆ ಗೊತ್ತಿತ್ತು ಎಂದಾಯಿತು.

ಕಮಿಷನ್ ಇಳಿಸಿ ಎಂದು ಜಗ್ಗಾಡುವುದು ನನಗೆ ಬೇಕಿರಲಿಲ್ಲ. ದುಡಿಯುವವರ ಕೂಲಿ ಕತ್ತರಿಸಿ ಮೈಮುರಿದು ದುಡಿಯಿರಿ ಎನ್ನುವುದರಲ್ಲಿ ಅರ್ಥವಿಲ್ಲ. ಬದಲಿಗೆ ಲೆಕ್ಕದ ರೀತಿಯನ್ನೇ ಬದಲಿಸಿದೆ: 95ಕ್ಕೆ ಮಾರಿದರೆ 1.5, ಅದರ ಮೇಲೆ ಬಂದದ್ದರಲ್ಲಿ ಶೇ 10. 100 ಬಂದರೆ ಅವರಿಗೆ ಹಳೆಯ ಲೆಕ್ಕದಂತೆಯೇ 2, 105 ಬಂದರೆ 2.5. ಕೊನೆಯ ಐದರ ಮೇಲೆ ಅವರ ಗಳಿಕೆ 0.10 ಅಲ್ಲ, 0.50.

ಇದರಲ್ಲಿ ಎಲ್ಲವೂ ನಿಂತಿರುವುದು ಆ 95ರ ಮೇಲೆ. ಏಜೆಂಟರು ಅದನ್ನು ಕೆಳಕ್ಕೆ ಎಳೆಯುತ್ತಾರೆ, ಎಳೆಯದಿದ್ದರೆ ಅವರು ವ್ಯಾಪಾರಿಗಳೇ ಅಲ್ಲ. ಅಕ್ಕಪಕ್ಕದಲ್ಲಿ ಇತ್ತೀಚೆಗೆ ಕೈಬದಲಾದ ಮನೆಗಳ ಬೆಲೆಯನ್ನು ಮಾರಿದವರ ಬಾಯಿಂದಲೇ ಕೇಳಿಟ್ಟುಕೊಂಡಿದ್ದರಿಂದ ನಾನು ಜಗ್ಗಲಿಲ್ಲ. ಜಾಹೀರಾತಿನ ಬೆಲೆಗಳನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ, ಅವು ಮಾರುವವರ ಆಸೆಯ ಬೆಲೆಗಳು. ಕೈತುಂಬ ಮನೆಗಳಿದ್ದ ಏಜೆಂಟರು ಈ ಲೆಕ್ಕ ಕೇಳಿ ನಕ್ಕು ಎದ್ದುಹೋದರು. ಒಪ್ಪಿದವರ ಬಳಿ ಮನೆಗಳು ಕಡಿಮೆ ಇದ್ದವು, ಬಿಡುವು ಹೆಚ್ಚಿತ್ತು.

ಕರಾರಿಗೆ ಅವಧಿ ಇಟ್ಟೆವು. ಬಂದ ಪ್ರತಿಯೊಂದು ಬೆಲೆಯನ್ನೂ ಅದೇ ದಿನ ಬರಹದಲ್ಲಿ ತಿಳಿಸಬೇಕು, ಕೊಳ್ಳುವವರಿಂದಲೂ ಹಣ ಪಡೆಯುವುದಿದ್ದರೆ ಮೊದಲೇ ಹೇಳಬೇಕು ಎಂದೂ ಬರೆದುಕೊಂಡೆವು. ಎರಡೂ ಕಡೆಯ ಕಮಿಷನ್ ತಿನ್ನುವವರು ಯಾರ ಪರ ಚೌಕಾಸಿ ಮಾಡುತ್ತಾರೆಂದು ನನಗೆ ಈಗಲೂ ಅರ್ಥವಾಗಿಲ್ಲ.

ಮೊದಲು ಬಂದ ಬೆಲೆ 98. ನಾನು ಒಪ್ಪುವ ಮನಸ್ಸಿನಲ್ಲೇ ಇದ್ದೆ. ಏಜೆಂಟರೇ ತಡೆದರು: ‘ಆತುರ ಬೇಡ. ಆ ಅಮ್ಮ ಟೇಪು ಹಿಡಿದು ಅಡುಗೆಮನೆಯ ಗೋಡೆ ಅಳೆದುಕೊಂಡು ಹೋಗಿದ್ದಾರೆ. ಮನಸ್ಸಿನಲ್ಲಿ ಫ್ರಿಜ್ ಇಟ್ಟಾಗಿದೆ, ಇನ್ನೂ ಏರುತ್ತಾರೆ.’ ಏರಿದರು, 102ಕ್ಕೆ ಮುಗಿಯಿತು. ಶೇ 2ರ ಲೆಕ್ಕದಲ್ಲಿ ಆ ಟೇಪು ಅವರ ಕಣ್ಣಿಗೆ ಬೀಳುತ್ತಿತ್ತೇನೋ, ಬಾಯಿಗೆ ಬರುತ್ತಿತ್ತೆಂದು ನನಗನ್ನಿಸುವುದಿಲ್ಲ.

ಮುಂದೆ ಮನೆ ಕೊಳ್ಳುವಾಗ ಶೇಕಡಾವಾರು ಮಾತನ್ನೇ ಎತ್ತಲಿಲ್ಲ. ಬೆಲೆ ಏರಿದಷ್ಟೂ ನನ್ನ ಏಜೆಂಟರಿಗೆ ಲಾಭವಾದರೆ ಅವರು ಬೆಲೆ ಇಳಿಸುವುದಾದರೂ ಏಕೆ? ಇಡಿಯಾಗಿ ಒಂದು ಮೊತ್ತ ಗೊತ್ತುಮಾಡಿದೆ. ಮಾತುಕತೆ ದಾಖಲೆ ಪರಿಶೀಲನೆಯವರೆಗೆ ಬಂದು ಮುರಿದುಬಿದ್ದರೂ ಅದರಲ್ಲೊಂದು ಪಾಲು ಅವರಿಗೆ ಸಲ್ಲಬೇಕು ಎಂದೂ ಸೇರಿಸಿದೆ. ಆ ಪಾಲನ್ನು ಕೊಡುವ ಪ್ರಸಂಗವೂ ಬಂತು. ನನಗೆ ಬಹಳ ಹಿಡಿಸಿದ್ದ ಮನೆಯ ಪತ್ರಗಳಲ್ಲಿ ವಾರಸುದಾರರೊಬ್ಬರ ಸಹಿ ಇಲ್ಲವೆಂದು ಎತ್ತಿ ತೋರಿಸಿದವರು ಏಜೆಂಟರೇ.