ಪೋಕರ್ ಆಡುವವರ ನಿವೃತ್ತಿ, ಸಂಬಳದವರ ನಿವೃತ್ತಿ: ಹೋಲಿಸಿ ನೋಡುವುದು ಹೇಗೆ?

ಇಬ್ಬರಿಗೂ ವರ್ಷಕ್ಕೆ 15 ಲಕ್ಷ ಬರುತ್ತದೆ ಅಂದುಕೊಳ್ಳಿ. ಒಬ್ಬರಿಗೆ ಬೆಂಗಳೂರಿನ ಕಂಪನಿಯಿಂದ, ಇನ್ನೊಬ್ಬರಿಗೆ ಗೋವಾದ ಕ್ಯಾಸಿನೊ ಟೇಬಲ್‌ಗಳಿಂದ. ಸಮ ಅನ್ನಿಸುತ್ತದೆ, ಅಲ್ವಾ?

ಮೊದಲು ತೆರಿಗೆ ಕಳೆಯಿರಿ. ಹೊಸ ತೆರಿಗೆ ಪದ್ಧತಿಯ 2025-26ರ ಲೆಕ್ಕದಲ್ಲಿ ಸಂಬಳದವರು ಕಟ್ಟುವುದು 97,500 ರೂಪಾಯಿ. ಜೂಜಿನ ಗೆಲುವಿಗೆ ಸ್ಲ್ಯಾಬೂ (ಆದಾಯ ಏರಿದಂತೆ ಏರುವ ದರ) ಇಲ್ಲ, ಸ್ಟ್ಯಾಂಡರ್ಡ್ ಡಿಡಕ್ಷನ್ನೂ (ಸಂಬಳದವರಿಗೆ ಸಿಗುವ ನಿಗದಿತ ಕಡಿತ) ಇಲ್ಲ. ಮೊದಲ ರೂಪಾಯಿಯಿಂದಲೇ 30%, ಅದರ ಮೇಲೆ 4% ಸೆಸ್, ಒಟ್ಟು 4.68 ಲಕ್ಷ. ಇದಕ್ಕಿಂತ ದೊಡ್ಡ ಏಟು ಇನ್ನೊಂದಿದೆ: ಸೋತದ್ದನ್ನು ಗೆದ್ದದ್ದರಲ್ಲಿ ಕಳೆಯಲು ಬಿಡುವುದಿಲ್ಲ. ಗೆದ್ದ ದಿನಗಳದ್ದು 15 ಲಕ್ಷ, ಸೋತ ದಿನಗಳದ್ದು 9 ಲಕ್ಷ ಆದರೆ ಕೈಯಲ್ಲಿರುವುದು ಬರೀ 6 ಲಕ್ಷ, ಆದರೆ ತೆರಿಗೆ ಪೂರ್ತಿ 15ರ ಮೇಲೆ, ಹಾಗಾಗಿ ಕೊನೆಗೆ ಉಳಿಯುವುದು 1.32 ಲಕ್ಷ. ಊಟ, ಬಾಡಿಗೆ ಎಲ್ಲ ಅದರಲ್ಲೇ.

ಆಮೇಲೆ, ನಾವು ಹಾಕದೆಯೇ ಸೇರುವ ದುಡ್ಡು ಎಷ್ಟು ಅಂತ ಬರೆದುಕೊಳ್ಳಿ. ಪೂರ್ತಿ ಬೇಸಿಕ್ ಮೇಲೆ ಪಿಎಫ್ ಕಟ್ಟುವ ಕಂಪನಿಯಾದರೆ 50,000 ಬೇಸಿಕ್‌ಗೆ (ಮೂಲ ವೇತನ) ತಿಂಗಳಿಗೆ 6,000 ಹಾಕುತ್ತದೆ. ಅದೇ ಬೇಸಿಕ್‌ನಲ್ಲಿ 20 ವರ್ಷಕ್ಕೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು) ಸುಮಾರು 5.77 ಲಕ್ಷ. ಆಟಗಾರರ ಕಾಲಂನಲ್ಲಿ ಇಲ್ಲಿ ಸೊನ್ನೆ.

ಟೂರ್ನಮೆಂಟ್ ಬಹುಮಾನದ ಪಟ್ಟಿ ನೋಡಿ ಹೊಟ್ಟೆ ಉರಿಸಿಕೊಳ್ಳಬೇಡಿ. ಅಲ್ಲಿ ಕಾಣುವುದು ಬಂದ ಹಣ ಮಾತ್ರ. ಎಂಟ್ರಿಗೆ ಎಷ್ಟು ಸುರಿದರು, ದುಡ್ಡು ಹಾಕಿದವರಿಗೆ ಎಷ್ಟು ಪಾಲು ಹೋಯಿತು ಅಂತ ಯಾರೂ ಬರೆಯುವುದಿಲ್ಲ. ಅಮೆರಿಕದ ಆಟಗಾರ ಸ್ಟು ಉಂಗರ್ 1997ರ ಪೋಕರ್ ವರ್ಲ್ಡ್ ಸೀರೀಸ್ ಮುಖ್ಯ ಪಂದ್ಯದಲ್ಲಿ 10 ಲಕ್ಷ ಡಾಲರ್ ಗೆದ್ದರು. ಎಂಟ್ರಿಯ 10,000 ಡಾಲರ್ ಕಟ್ಟಿದ್ದು ಇನ್ನೊಬ್ಬ ಆಟಗಾರ ಬಿಲ್ಲಿ ಬ್ಯಾಕ್ಸ್‌ಟರ್, ಗೆಲುವಿನಲ್ಲಿ ಅರ್ಧ ಹೋಗಿದ್ದೂ ಅವರಿಗೇ. ಮರುವರ್ಷ ನವೆಂಬರ್‌ನಲ್ಲಿ ಉಂಗರ್ ಲಾಸ್ ವೇಗಸ್‌ನ ಒಂದು ಮೋಟೆಲ್‌ನಲ್ಲಿ ತೀರಿಕೊಂಡಾಗ ಆ ದುಡ್ಡು ಕರಗಿಹೋಗಿತ್ತು.

ಆಟದ ಬಂಡವಾಳವನ್ನು ಉಳಿತಾಯ ಅಂತ ಎಣಿಸಲೇಬೇಡಿ. ಅದು ಅಂಗಡಿಯ ಸರಕು ಇದ್ದ ಹಾಗೆ, ಮನೆಗೆ ಒಯ್ದರೆ ನಾಳೆ ವ್ಯಾಪಾರ ಇಲ್ಲ.

ಇನ್ನು ದುಡಿಯುವ ವರ್ಷಗಳು. ಸಂಬಳದವರು 58 ಅಥವಾ 60ರ ತನಕ ಅಂತ ಲೆಕ್ಕ ಹಾಕಬಹುದು (ಐಟಿಯವರು ಸ್ವಲ್ಪ ಕಡಿಮೆ ಹಾಕಿಕೊಳ್ಳಿ). ಆಟಗಾರರಿಗೆ ಆ ಭರವಸೆ ಇಲ್ಲ. 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆ ಸಂಸತ್ತಿನಲ್ಲಿ ಪಾಸಾಯಿತು, ಫೋನಿನಲ್ಲಿ ಪೋಕರ್ ಆಡಿ ಮನೆ ನಡೆಸುತ್ತಿದ್ದವರಿಗೆ ನೋಟಿಸ್ ಪೀರಿಯಡ್ ಕೂಡ ಸಿಗಲಿಲ್ಲ.

ಆಡುವವರೇ ಇದನ್ನು ಓದುತ್ತಿದ್ದರೆ: ಪಿಪಿಎಫ್ (ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆ), ಎನ್‌ಪಿಎಸ್ (ಪಿಂಚಣಿ ಖಾತೆ) ತೆರೆಯಲು ಕಂಪನಿ ಬೇಕಿಲ್ಲ. ಪಿಪಿಎಫ್‌ಗೆ ವರ್ಷಕ್ಕೆ 1.5 ಲಕ್ಷದವರೆಗೆ ಹಾಕಬಹುದು, ಅವಧಿ 15 ವರ್ಷ. ಗೆಲುವಿನ ಮೇಲಿನ ತೆರಿಗೆ ಇದರಿಂದ ಒಂದು ರೂಪಾಯಿಯೂ ಇಳಿಯುವುದಿಲ್ಲ, ಆದರೆ ಸೋತ ರಾತ್ರಿ ಆ ದುಡ್ಡಿಗೆ ಕೈ ಹಾಕಲು ಆಗದಿರುವುದೇ ದೊಡ್ಡ ಲಾಭ. ಗೆದ್ದ ದಿನವೇ ತೆರಿಗೆಯ ಪಾಲನ್ನು ಬೇರೆ ಖಾತೆಗೆ ಹಾಕಿ, ಆಮೇಲೆ ಪಿಪಿಎಫ್, ಮಿಕ್ಕಿದ್ದು ಟೇಬಲ್‌ಗೆ.